ಮಾವನವರ ಬೋಲ್ಟು

ಜೋಪಾನಯ್ಯ ಎಂಬ ಹೆಸರನ್ನು ಅವನಿಗೆ ಇಟ್ಟವರು ಅಪ್ಪ ಅಮ್ಮ ಅಲ್ಲ, ಅಂಚೆ ಕಚೇರಿಯವರು. ವಿಳಾಸ ಸಿಗದೆ ವಾಪಸ್ಸು ಬಂದ ಕಾಗದಗಳ ವಿಭಾಗದಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಕೂತಿದ್ದ. ಎದುರಿಗೆ ಬಂದವರು ಮೆಟ್ಟಿಲು ಹತ್ತುತ್ತಿರಲಿ, ಬಿಸಿ ಚಹಾ ಕುಡಿಯುತ್ತಿರಲಿ, ಏನೂ ಮಾಡದೆ ಸುಮ್ಮನೆ ನಿಂತಿರಲಿ, "ಜೋಪಾನ" ಎಂದು ಎಚ್ಚರಿಸದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ವಸ್ತುಗಳನ್ನು ಎತ್ತಿಡುವುದರಲ್ಲಂತೂ ಅವನನ್ನು ಮೀರಿಸಿದವರಿಲ್ಲ. ಅವನು ಎತ್ತಿಟ್ಟ ವಸ್ತು ಎಂದೂ ಕಳೆದುಹೋಗುತ್ತಿರಲಿಲ್ಲ. ಎಲ್ಲಿ ಎತ್ತಿಟ್ಟ ಎಂಬುದೊಂದು ಮಾತ್ರ ಕಳೆದುಹೋಗುತ್ತಿತ್ತು.

ಇವನ ಜೋಪಾನವನ್ನು ಮನಸಾರೆ ನಂಬಿದವರು ಲೋಕದಲ್ಲಿ ಒಬ್ಬರೇ, ಅವನ ಮಾವ. ಸರ್ವೇಯರ್ ಆಗಿ ನಿವೃತ್ತರಾದ ಮಾವನವರು ಬೇಟೆಗೆ ಪರವಾನಗಿ ಸಿಗುತ್ತಿದ್ದ ಕಾಲದಲ್ಲಿ ಹಂದಿ ಹೊಡೆದು ಹೆಸರು ಮಾಡಿದವರು. ಅವರಿಗಿಂತ ಹಳೆಯದು ಅವರ ಬಂದೂಕು. ಮೂರು ವರ್ಷದ ಹಿಂದೆ ಕಣ್ಣು ಮಂಜಾದಾಗ, ಇಬ್ಬರು ಗಂಡುಮಕ್ಕಳು ಎದುರಿಗೇ ಕೂತಿದ್ದರೂ ಅವರತ್ತ ತಿರುಗಿಯೂ ನೋಡದೆ, ಬಂದೂಕನ್ನು ತಂದು ಅಳಿಯನ ಕೈಗೆ ಇಟ್ಟರು. ಪರವಾನಗಿಯಲ್ಲೂ ಅವನ ಹೆಸರು ಸೇರಿಸಿದರು.

"ತಿಂಗಳಿಗೊಂದು ಸಲ ಬೋಲ್ಟ್ ತೆಗೆದು, ಒರೆಸಿ, ಎಣ್ಣೆ ಹಾಕಬೇಕು ಅಳಿಯಂದ್ರೆ."

"ತಿಂಗಳಿಗ್ಯಾಕೆ ಮಾವ? ವಾರಕ್ಕೊಂದು ಸಲ ಮಾಡ್ತೀನಿ," ಎಂದುಬಿಟ್ಟ ಜೋಪಾನಯ್ಯ. ಭಾವಮೈದುನರ ಮುಖ ನೋಡಿದ ಖುಷಿಯಲ್ಲಿ ಬಂದ ಮಾತು ಅದು. ಮನುಷ್ಯ ಕೆಡುವುದೇ ಇಂಥ ಖುಷಿಯಲ್ಲಿ.

ಮೊದಲ ವಾರ ಅವನು ಕೆಲಸಕ್ಕೆ ಕೂತದ್ದು ನಿಜ. ಆದರೆ ಮಾವನವರು ಕೊಟ್ಟಿದ್ದ ಬಂದೂಕಿನ ಎಣ್ಣೆಯ ಡಬ್ಬಿ ಸಿಗಲಿಲ್ಲ. ಅದನ್ನು ಅಷ್ಟು ಜೋಪಾನವಾಗಿ ಎತ್ತಿಟ್ಟಿದ್ದ. ಎಣ್ಣೆಗೆ ಎಣ್ಣೆಯೇ ತಾನೆ ಎಂದು ಅಡುಗೆಮನೆಯ ಬಾಟಲಿ ತಂದು, ಬೋಲ್ಟ್ ತೆಗೆಯದೆ ಮೇಲಿಂದಲೇ, ಕೈ ಬಿಗಿ ಹಿಡಿಯದೆ ಸುರಿದ. ಧೂಳು ಹೋಗಬಾರದೆಂದು ನಳಿಕೆಯ ಬಾಯಿಗೆ ಬಟ್ಟೆ ತುರುಕಿ, ಕಂಬಳಿ ಸುತ್ತಿ, ಬೀರುವಿನ ಹಿಂದೆ ನಿಲ್ಲಿಸಿದ. ಆಮೇಲೆ ಅದರ ಮುಖ ನೋಡಿದ್ದರೆ ಕೇಳಿ. ಮಾವನವರು ಪ್ರತಿ ಭಾನುವಾರ ಫೋನು ಮಾಡಿ "ಹೇಗಿದೆ ಅಳಿಯಂದ್ರೆ?" ಎನ್ನುವರು. ಇವನು "ಬೆಣ್ಣೆ ಹಾಗೆ ಓಡ್ತಿದೆ ಮಾವ" ಎನ್ನುವನು. ಹೀಗೆ ನೂರೈವತ್ತು ಭಾನುವಾರ ಬೆಣ್ಣೆ ಓಡಿತು.

ಆಗ ಪೊಲೀಸ್ ಠಾಣೆಯಿಂದ ಕಾಗದ ಬಂತು. ಪರವಾನಗಿ ನವೀಕರಣಕ್ಕೆ ಶನಿವಾರ ಸಂಜೆಯೊಳಗೆ ಬಂದೂಕನ್ನು ತಂದು ತೋರಿಸಬೇಕು, ಬೋಲ್ಟ್ ತೆಗೆದು ಅದರ ಮೇಲಿನ ನಂಬರನ್ನು ತಾಳೆ ನೋಡಲಾಗುವುದು. ವಿಷಯ ಕೇಳಿದ್ದೇ ಮಾವನವರು "ನಾನೂ ಬರ್ತೀನಿ, ಜೊತೆಗೇ ಹೋಗೋಣ. ನಿಮ್ಮ ಹೊಸ ಮನೇನೂ ನೋಡಿದ ಹಾಗಾಯ್ತು," ಎಂದರು. ಜೋಪಾನಯ್ಯ ಆ ಬಾಡಿಗೆ ಮನೆಗೆ ಬಂದು ಎರಡೇ ತಿಂಗಳಾಗಿತ್ತು. ಬಂದೂಕೂ ಕಂಬಳಿ ಬಿಚ್ಚದೆಯೇ ಬಂದು ಮತ್ತೆ ಬೀರುವಿನ ಹಿಂದೆ ನಿಂತಿತ್ತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೆಂಡತಿ ಅಪ್ಪನನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೊರಟಳು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, "ರೀ, ಅದನ್ನ ಆಚೆ ತೆಗೆದು ಅಕ್ಕಪಕ್ಕದವರಿಗೆ ಪ್ರದರ್ಶನ ಮಾಡ್ಬೇಡಿ. ಆ ಪದಾನೂ ಬಾಯಲ್ಲಿ ಬರಬಾರ್ದು. ಮೊದಲೇ ಹೊಸ ಜಾಗ," ಎಂದು ಹೇಳಿ ಹೋದಳು. ಹೆಂಡತಿ ಹೇಳಿದ ಮಾತನ್ನು ಜೋಪಾನಯ್ಯ ಅಕ್ಷರಕ್ಕೆ ಅಕ್ಷರ ಪಾಲಿಸುವವನು. ಅನಾಹುತವಾದದ್ದೂ ಅದರಿಂದಲೇ.

ಹಿಂದಿನ ಕೋಣೆ ಸೇರಿ, ಕಿಟಕಿಯ ಪರದೆ ಎಳೆದು, ಬಾಗಿಲಿಗೆ ಒಳಗಿನಿಂದ ಬೋಲ್ಟ್ ಹಾಕಿಕೊಂಡು ಕಂಬಳಿ ಬಿಚ್ಚಿದ. ಬಂದೂಕಿನ ಬೋಲ್ಟ್ ಎಂದರೆ ಗುಂಡು ಕೂರುವ ಗೂಡಿಗೆ ಹಿಂದಿನಿಂದ ಹಾಕಿದ ಬಾಗಿಲಿದ್ದಂತೆ. ಪಕ್ಕದ ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಎಳೆದರೆ ಗೂಡು ತೆರೆಯಬೇಕು. ಜೋಪಾನಯ್ಯ ಹಿಡಿಯನ್ನು ಎತ್ತಿದ. ಅದು ಏಳಲಿಲ್ಲ. ಎರಡೂ ಕೈ ಹಾಕಿದ, ಮೊಣಕಾಲು ಕೊಟ್ಟ, ಹಲ್ಲು ಕಚ್ಚಿದ. ಎದ್ದದ್ದು ಅವನ ಸೊಂಟದ ನೋವು ಮಾತ್ರ. ಮೂರು ವರ್ಷದ ಅಡುಗೆ ಎಣ್ಣೆ ಬೆಲ್ಲದ ಪಾಕದಂತೆ ಅಂಟಾಗಿ, ಕಪ್ಪಾಗಿ, ಕಲ್ಲಾಗಿತ್ತು. ಕೆಳಗೆ ಗುಂಡು ತುಂಬುವ ಪೆಟ್ಟಿಗೆ, ಬಂದೂಕಿನ ಹೊಟ್ಟೆ ಎನ್ನುವುದು, ಹೇಗೋ ಕಳಚಿ ಬಂತು. ಖಾಲಿ ಇತ್ತು. ಸದ್ಯ ಗುಂಡಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟು, ಪೇಟೆಯಲ್ಲಿ ಬಂದೂಕು ರಿಪೇರಿ ಮಾಡುವ ಅಜ್ಜನಿಗೆ ಫೋನು ಹಚ್ಚಿದ.

ಅಜ್ಜನಿಗೆ ವಯಸ್ಸು ಎಪ್ಪತ್ತೆಂಟು. ಕಿವಿಯ ಹತ್ತಿರವೇ ಬಂದೂಕು ಪರೀಕ್ಷೆ ಮಾಡಿ ಮಾಡಿ ಅವನ ಕಿವಿ ಎಂದೋ ನಿವೃತ್ತಿ ತೆಗೆದುಕೊಂಡಿತ್ತು. ಕೂಗದೆ ವಿಧಿಯಿಲ್ಲ. ಕೂಗಿದರೆ ಹೊರಗೆ ಕೇಳುತ್ತದೆ. ಜೋಪಾನಯ್ಯ ಬುದ್ಧಿವಂತಿಕೆಯ ಒಂದು ಉಪಾಯ ಕಂಡುಕೊಂಡ: ಎಷ್ಟು ಬೇಕಾದರೂ ಕೂಗುವುದು, ಆದರೆ 'ಬಂದೂಕು' ಎಂಬ ಪದ ಮಾತ್ರ ಬಳಸದೆ 'ಮಾವನವರದ್ದು' ಎನ್ನುವುದು.

ಗೋಡೆಯಾಚೆ ಪಕ್ಕದ ಮನೆಯ ಬಾಲ್ಕನಿಯಲ್ಲಿ ನಿವೃತ್ತ ಹೆಡ್‌ಮಿಸ್ಸು ಬಟ್ಟೆ ಒಣಹಾಕುತ್ತಿದ್ದರು. ಪರರ ಮಾತಿಗೆ ಕಿವಿಗೊಡುವ ಸ್ವಭಾವ ಅವರದಲ್ಲ. ಆದರೆ ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯತ್ತ ಮುಖ ಮಾಡಿಕೊಂಡೇ ಕೊನೆಯ ಬೆಂಚಿನ ಪಿಸುಮಾತು ಹಿಡಿದ ಕಿವಿ ಅದು. ಮುಚ್ಚು ಎಂದರೆ ಮುಚ್ಚುತ್ತದೆಯೇ?

"ಹಲೋ! ಅಜ್ಜಾ! ನಾನು ಅಂಚೆ ಕಚೇರಿಯವನು! ಬೋಲ್ಟ್ ತೆಗೆಯೋಕೆ ಬರ್ತಿಲ್ಲ! ಬೋಲ್ಟೂ!"

ಪಾಪ, ಬಾಗಿಲು ಸಿಕ್ಕಿಹಾಕಿಕೊಂಡಿದೆ ಎಂದುಕೊಂಡರು ಹೆಡ್‌ಮಿಸ್ಸು.

"ನಂದಲ್ಲ! ಮಾವನವರದ್ದು! ಮೂರು ವರ್ಷ ಆಯ್ತು ಆಚೆ ತೆಗೆದು! ಬೀರು ಹಿಂದೆ ನಿಲ್ಲಿಸಿಬಿಟ್ಟಿದ್ದೆ! ಕಂಬಳಿ ಸುತ್ತಿ!"

ಹೆಡ್‌ಮಿಸ್ಸಿನ ಕೈಯಿಂದ ಒದ್ದೆ ದಿಂಬಿನ ಚೀಲ ಜಾರಿತು.

"ಹೊಟ್ಟೆನಾ? ಹೊಟ್ಟೆ ಖಾಲಿ ಇದೆ! ನಾನೇ ನೋಡಿದೀನಿ, ಏನೇನೂ ಇಲ್ಲ! ಬಾಯಿ? ಬಾಯಿಗೆ ಆವತ್ತೇ ಬಟ್ಟೆ ತುರುಕಿದೀನಿ!"

"ಅಯ್ಯೋ ಶಿವನೇ," ಎಂದು ಹೆಡ್‌ಮಿಸ್ಸು ಬಾಲ್ಕನಿಯ ಕಂಬಿ ಹಿಡಿದುಕೊಂಡರು.

"ಹೆಂಡತಿಗೆ ಏನೂ ಗೊತ್ತಿಲ್ಲ! ಸ್ಟೇಷನ್ನಿಗೆ ಹೋಗಿದಾಳೆ, ಬರೋದ್ರೊಳಗೆ ಮುಗಿಸ್ಬೇಕು! ಸುತ್ತಿಗೆ ಇದೆ ನನ್ ಹತ್ರ! ತಲೆ ಮೇಲೆ ಮೆಲ್ಲಗೆ ಒಂದೇ ಒಂದು ಏಟು ಹಾಕ್ಲಾ?"

ಅಜ್ಜನಿಗೆ ಕೇಳಿಸಿದ್ದು 'ಅಂಚೆ ಕಚೇರಿ', 'ಬೋಲ್ಟು' ಎರಡೇ. ಜೋಪಾನಯ್ಯನ ಹೊಸ ವಿಳಾಸ ಅವನಿಗೆ ಗೊತ್ತಿತ್ತು. "ಆಗ್ಲಿ, ಆಗ್ಲಿ, ಬರ್ತೀನಿ," ಎಂದು ಫೋನಿಟ್ಟ. ಜೋಪಾನಯ್ಯ ಆ 'ಆಗ್ಲಿ'ಯನ್ನು ಸುತ್ತಿಗೆಗೆ ಸಿಕ್ಕ ಅನುಮತಿ ಎಂದು ತಿಳಿದು, ಸುತ್ತಿಗೆ ಹುಡುಕಲು ಎದ್ದ. ಅದನ್ನೂ ಜೋಪಾನವಾಗಿ ಎತ್ತಿಟ್ಟಿದ್ದರಿಂದ ಇಪ್ಪತ್ತು ನಿಮಿಷ ಹಿಡಿಯಿತು.

ಆ ಇಪ್ಪತ್ತು ನಿಮಿಷವನ್ನು ಹೆಡ್‌ಮಿಸ್ಸು ವ್ಯರ್ಥ ಮಾಡಲಿಲ್ಲ. ಪೊಲೀಸರನ್ನು ಕರೆದರೆ ಅವರು ಬರೆದುಕೊಳ್ಳುವಷ್ಟರಲ್ಲಿ ಮುದುಕರ ತಲೆ ಉಳಿಯುವುದಿಲ್ಲ. ಅಗ್ನಿಶಾಮಕ ಠಾಣೆ ಬೀದಿಯ ತಿರುವಿನಲ್ಲೇ ಇದೆ, ಅವರ ಹತ್ತಿರ ಕೊಡಲಿಯೂ ಇರುತ್ತದೆ. ಹೀಗೆ ತರ್ಕಿಸಿ ಅಲ್ಲಿಗೇ ಫೋನು ಮಾಡಿದರು. ಕೆಳಗಿಳಿದು ಇಸ್ತ್ರಿ ಅಂಗಡಿಯವನಿಗೆ ಹೇಳಿದರು. ಇಸ್ತ್ರಿಯವನು ಎದುರುಮನೆಯ ದನದ ಡಾಕ್ಟರಿಗೆ ಹೇಳಿದ. ಡಾಕ್ಟರು ಬೀದಿಗೆ ಹೇಳಿದರು. ಬೀದಿಯ ಈ ತುದಿಯಲ್ಲಿ ಮೂರು ವರ್ಷವಾಗಿದ್ದ ಸೆರೆವಾಸ ಆ ತುದಿ ಮುಟ್ಟುವಾಗ ಹದಿಮೂರು ವರ್ಷವಾಗಿತ್ತು. "ನನಗೆ ಆವತ್ತೇ ಅನುಮಾನ ಇತ್ತು," ಎಂದ ಇಸ್ತ್ರಿಯವನು. "ಕಂಡಾಗೆಲ್ಲ ಜೋಪಾನ, ಜೋಪಾನ ಅಂತಾನೆ. ಒಳ್ಳೆ ಮನುಷ್ಯ ಸುಮ್‌ಸುಮ್ನೆ ಹಾಗಂತಾನಾ?"

ಅಷ್ಟರಲ್ಲಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಊರುಗೋಲು ಮತ್ತು ವಿಳಾಸದ ಚೀಟಿ ಹಿಡಿದ ಹಿರಿಯರೊಬ್ಬರು ಗುಂಪಿನ ಹತ್ತಿರ ಬಂದರು. ಅವರೇ ಮಾವನವರು. ರೈಲಿಗೆ ಕಾಯುವ ಸಹನೆಯಿಲ್ಲದೆ ಬೆಳಗಿನ ಬಸ್ಸಿಗೇ ಬಂದುಬಿಟ್ಟಿದ್ದರು. ಚೀಟಿಯ ಅಕ್ಷರ ಕಣ್ಣಿಗೆ ಹತ್ತುತ್ತಿರಲಿಲ್ಲ. ಯಾರನ್ನಾದರೂ ಕೇಳೋಣವೆಂದು ನೋಡಿದರೆ ಎಲ್ಲರೂ ಒಂದೇ ಮನೆಯತ್ತ ಮುಖ ಮಾಡಿ ನಿಂತಿದ್ದರು.

"ಏನಮ್ಮಾ ಇಲ್ಲಿ ಗಲಾಟೆ?"

"ಏನು ಹೇಳ್ಲಿ ಯಜಮಾನ್ರೆ! ಒಬ್ಬ ಅಳಿಯ ಸ್ವಂತ ಮಾವನ್ನ ಮೂರು ವರ್ಷದಿಂದ ಕೋಣೇಲಿ ಕೂಡಿಹಾಕಿದಾನೆ," ಎಂದರು ಹೆಡ್‌ಮಿಸ್ಸು. "ಹೊಟ್ಟೆಗೆ ಅನ್ನ ಇಲ್ಲ, ಬಾಯಿಗೆ ಬಟ್ಟೆ! ಈಗ ಸುತ್ತಿಗೆ ಹಿಡ್ಕೊಂಡಿದಾನೆ."

ಮಾವನವರ ಮೀಸೆ ನಿಮಿರಿತು. "ಮಾವನ್ನಾ? ಇಂಥವರೂ ಇದಾರಾ ಭೂಮಿ ಮೇಲೆ! ನನಗೂ ಒಬ್ಬರು ಅಳಿಯ ಇದಾರೆ ತಾಯಿ, ದೇವರಂಥ ಮನುಷ್ಯ. ನನ್ನದೊಂದು ವಸ್ತು ಕೊಟ್ಟಿದ್ದೆ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದಾರೆ." ಚೀಲವನ್ನು ಇಸ್ತ್ರಿಯವನ ಕೈಗೆ ಕೊಟ್ಟು ಅಂಗಿಯ ತೋಳು ಮಡಚಿದರು. "ಎಲ್ಲಿ ಆ ಬಾಗಿಲು?"

ಗಂಟೆ ಬಾರಿಸುತ್ತ ಕೆಂಪು ಗಾಡಿಯೂ ಬಂತು. ಅಗ್ನಿಶಾಮಕ ಅಧಿಕಾರಿ ಮೂವರು ಸಿಬ್ಬಂದಿ, ಒಂದು ಕೊಡಲಿ, ಎರಡು ಮರಳಿನ ಬಕೆಟ್ಟು ಸಮೇತ ಒಳಗೆ ನುಗ್ಗಿದರು. ಮುಂಬಾಗಿಲು ಬರೀ ಮುಚ್ಚಿತ್ತು. ಅವರ ಹಿಂದೆ ಮಾವನವರು, ಅವರ ಹಿಂದೆ ಹೆಡ್‌ಮಿಸ್ಸು, ದನದ ಡಾಕ್ಟರು ಮತ್ತು ಜಾಗ ಇದ್ದಷ್ಟು ಬೀದಿ.

ಒಳಗೆ ಜೋಪಾನಯ್ಯ ನೆಲದ ಮೇಲೆ ಕಾಲು ಚಾಚಿ, ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗೋಡೆಗೆ ಪೆಟ್ಟಾದರೆ ಮನೆಯ ಮಾಲೀಕ ಬೈದಾನೆಂದು ನಳಿಕೆಯನ್ನು ಬಾಗಿಲ ಕಡೆಗೆ ತಿರುಗಿಸಿದ್ದ. ಬೋಲ್ಟಿನ ಹಿಡಿಯ ಮೇಲೆ ಗುರಿ ಹಿಡಿದು, ಉಸಿರು ಬಿಗಿಹಿಡಿದು, ಸುತ್ತಿಗೆಯನ್ನು ತಲೆಯ ಮಟ್ಟಕ್ಕೆ ಎತ್ತಿದ್ದ. ಆಗ ಯಾರೋ ಬಾಗಿಲನ್ನು ದಡದಡ ಬಡಿದರು.

"ಒಳಗಿರೋರು ಬೋಲ್ಟ್ ತೆಗೀರಿ!"

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಬೋಲ್ಟಿನ ವಿಷಯ ಇವರಿಗೆ ಹೇಗೆ ಗೊತ್ತು? ಠಾಣೆಯವರೇ ನಂಬರು ನೋಡಲು ಮನೆಗೆ ಬಂದಿದ್ದಾರೆ!

"ಸಾರ್, ತೆಗೆಯೋಕೆ ಬರ್ತಿಲ್ಲ! ಅದಕ್ಕೇ ಬೆಳಿಗ್ಗೆಯಿಂದ ಒದ್ದಾಡ್ತಿದೀನಿ! ಸಂಜೆವರೆಗೂ ಟೈಮ್ ಕೊಟ್ಟಿದ್ರಲ್ಲ?"

"ನಿಮ್ಮ ಮಾವ ಎಲ್ಲಿದಾರೆ?"

"ಬರ್ತಿದಾರೆ ಸಾರ್, ಹನ್ನೊಂದು ಗಂಟೆ ರೈಲಿಗೆ!"

"ಸುಳ್ಳು!" ಎಂದರು ಹೆಡ್‌ಮಿಸ್ಸು.

"ಮತ್ತೆ ಒಳಗಿರೋದು ಯಾರ್ರೀ?"

"ಮಾವನವರದ್ದು ಸಾರ್! ಇಲ್ಲೇ ಇದೆ, ನನ್ನ ತೊಡೆ ಮೇಲೆ!"

ಎಷ್ಟೋ ಎಮ್ಮೆಗಳ ಹೆರಿಗೆ ನೋಡಿದ್ದ ದನದ ಡಾಕ್ಟರು ಗೋಡೆಗೆ ಒರಗಿ ಮೆಲ್ಲನೆ ಕೂತುಬಿಟ್ಟರು. ಅಧಿಕಾರಿ ತುಟಿ ಒದ್ದೆ ಮಾಡಿಕೊಂಡು ಕೇಳಿದರು, "ಮಾವನವರದ್ದು... ಏನು?"

ಜೋಪಾನಯ್ಯ ಹೆಂಡತಿಯ ಮಾತು ನೆನೆದು ಧ್ವನಿ ತಗ್ಗಿಸಿದ. "ಎಲ್ಲರ ಮುಂದೆ ಹೇಳೋ ಹಾಗಿಲ್ಲ ಸಾರ್."

"ಈ ಧ್ವನಿ ಎಲ್ಲೋ ಕೇಳಿದ ಹಾಗಿದೆ," ಎಂದು ಮಾವನವರು ಹುಬ್ಬು ಗಂಟಿಕ್ಕಿದರು. ಮರುಕ್ಷಣ, "ಇರಲಿ, ಪಾಪಿಗಳ ಧ್ವನಿ ಎಲ್ಲಾ ಒಂದೇ ಥರ. ಒಡೀರಿ ಬಾಗಿಲು!" ಎಂದು ತಾವೇ ಊರುಗೋಲಿನಿಂದ ಮೊದಲ ಏಟು ಹಾಕಿದರು. ಎರಡನೆಯದು ಕೊಡಲಿಯ ಏಟು. ಮೂರನೆಯದಕ್ಕೆ ಬಾಗಿಲು ಕೀಲು ಸಮೇತ ಒಳಗೆ ವಾಲಿತು.

ಎಲ್ಲರಿಗೂ ಮೊದಲು ಕಂಡದ್ದು ತಮ್ಮತ್ತ ನೋಡುತ್ತಿದ್ದ ನಳಿಕೆ. ಅದರ ಬಾಯಲ್ಲಿ ಬಟ್ಟೆಯಿತ್ತೆಂಬುದನ್ನು ಗಮನಿಸುವಷ್ಟು ಹೊತ್ತು ಯಾರೂ ನಿಲ್ಲಲಿಲ್ಲ. ಅಗ್ನಿಶಾಮಕದವರು ಶಿಸ್ತಿನಿಂದ ನೆಲ ಹಿಡಿದರು. ಬೀದಿ ಶಿಸ್ತಿಲ್ಲದೆ ಅವರ ಮೇಲೆ ಬಿತ್ತು. ಹೆಡ್‌ಮಿಸ್ಸು ಬಕೆಟ್ಟಿನ ಹಿಂದೆ ಕೂತರು. ನಿಂತಲ್ಲೇ ನಿಂತಿದ್ದವರು ಮಾವನವರು ಒಬ್ಬರೇ. ಕಣ್ಣು ಕಿರಿದು ಮಾಡಿ ನೋಡಿದರು.

"ಇದು ನನ್ನದಲ್ವಾ!" ಎಂದರು ಬಂದೂಕನ್ನು ನೋಡಿ. ಆಮೇಲೆ ಅದರ ಹಿಂದಿನ ಮುಖ ನೋಡಿ, "ಅಳಿಯಂದ್ರೆ?"

"ಮಾವ! ಜೋಪಾನ, ಮೊಳೆ ಇದೆ, ತುಳೀಬೇಡಿ," ಎಂದ ಜೋಪಾನಯ್ಯ, ಸುತ್ತಿಗೆಯನ್ನು ಇನ್ನೂ ಎತ್ತಿಕೊಂಡೇ.

ಹೆಡ್‌ಮಿಸ್ಸು ಬಕೆಟ್ಟಿನ ಮೇಲಿಂದ ತಲೆ ಎತ್ತಿ ಮಾವನವರನ್ನೂ ಅಳಿಯನನ್ನೂ ನೋಡಿದರು. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಅವರಿಗೆ ತಟ್ಟನೆ ಹೊಳೆಯಿತು. "ಹಾಗಾದ್ರೆ ಬೋಲ್ಟು ಅಂದ್ರೆ..." ಎಂದವರು ಮತ್ತೆ ತಲೆ ತಗ್ಗಿಸಿದರು.

ಅದೇ ಹೊತ್ತಿಗೆ ರಿಪೇರಿ ಅಜ್ಜ ಸಾಮಾನಿನ ಚೀಲ ಹೆಗಲಿಗೇರಿಸಿ ಬಂದ. ನೆಲದ ಮೇಲೆ ಮಲಗಿದ್ದ ಸರ್ಕಾರಿ ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿ ದಾಟಿಕೊಂಡು, "ಇವರೆಲ್ಲ ಯಾಕೆ ಮಲಗಿದಾರೆ? ಇರಲಿ, ರೋಗಿ ಎಲ್ಲಿ?" ಎಂದು ಕೇಳಿದ. ಜೋಪಾನಯ್ಯನ ಕೈಯಲ್ಲಿ ಸುತ್ತಿಗೆ ಕಂಡದ್ದೇ ಅವನ ಮುಖ ಬಿಗಿಯಿತು. ಸುತ್ತಿಗೆಯನ್ನು ಕಿತ್ತು ಮೂಲೆಗೆಸೆದ. ಬಂದೂಕನ್ನು ಎತ್ತಿ, ನಳಿಕೆಯನ್ನು ಮರಳಿನ ಬಕೆಟ್ಟಿನತ್ತ ತಿರುಗಿಸಿ, ಎಲ್ಲರನ್ನೂ ಕೋಣೆಯಿಂದ ಆಚೆ ಅಟ್ಟಿದ. ಬೋಲ್ಟನ್ನು ಮೂಸಿ ನೋಡಿದ.

"ಯಾವ ಎಣ್ಣೆ ಹಾಕಿದ್ದು?"

ಬಾಗಿಲಿಲ್ಲದ ಬಾಗಿಲಲ್ಲಿ ನಿಂತ ಜೋಪಾನಯ್ಯ ಮಾವನ ಮುಖ ನೋಡಿದ, ನೆಲ ನೋಡಿದ. ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಅಜ್ಜನಿಗೆ ಕೇಳಬೇಕಾದರೆ ನಿಜವನ್ನು ಕೂಗಿಯೇ ಹೇಳಬೇಕಿತ್ತು.

"ಅಡುಗೆ ಎಣ್ಣೆ!"

"ಎಷ್ಟು ಸಲ?"

"ಒಂದೇ ಸಲ! ಮೂರು ವರ್ಷದಲ್ಲಿ ಒಂದೇ ಸಲ!"

ಇಡೀ ಬೀದಿ ಕೇಳಿತು. ಮಾವನವರು ಅಳಿಯನತ್ತ ಬೆನ್ನು ತಿರುಗಿಸಿದರು. ಆ ಬೆನ್ನೇ ಜೋಪಾನಯ್ಯನಿಗೆ ಊರುಗೋಲಿನ ಏಟಿಗಿಂತ ಹೆಚ್ಚಾಯಿತು.

ಅಜ್ಜ ಹನಿಹನಿಯಾಗಿ ಸೀಮೆಎಣ್ಣೆ ಬಿಟ್ಟ. ಅರ್ಧ ಗಂಟೆ ಸುಮ್ಮನೆ ಕೂತ. ಬಟ್ಟೆಯಿಂದ ಕಪ್ಪು ಅಂಟನ್ನು ಒರೆಸಿದ, ಮತ್ತೆ ಹನಿ ಬಿಟ್ಟ. ಕೊನೆಗೆ ಅಂಗೈಯಿಂದ ಮೆತ್ತಗೆ ಒತ್ತಿದಾಗ ಹಿಡಿ ಕಿರ್ರೆಂದು ಎದ್ದಿತು. ಬೋಲ್ಟನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ಎಳೆದ. ಅದರ ಜೊತೆಗೆ ಏನೋ ಒಂದು ಹೊರಬಂದು ಅವನ ಅಂಗೈಯಲ್ಲಿ ಕೂತಿತು.

ಕಿಲುಬು ಹಿಡಿದು ಹಸಿರಾಗಿದ್ದ ಒಂದು ಗುಂಡು. ತುಂಬಿದ ಗುಂಡು.

"ಹೊಟ್ಟೆ ಖಾಲಿ ಇತ್ತಲ್ಲ!" ಎಂದು ಕೂಗಿದ ಜೋಪಾನಯ್ಯ.

"ಹೊಟ್ಟೆ ಖಾಲಿ ಇದ್ರೇನು, ಗಂಟಲಲ್ಲಿತ್ತು," ಎಂದ ಅಜ್ಜ. "ಆ ಸುತ್ತಿಗೆ ಬಿದ್ದಿದ್ರೆ ಇದು ಸುಮ್ನಿರ್ತಿತ್ತು ಅಂತ ನಾನು ಹೇಳಲ್ಲ. ನಳಿಕೆ ಎತ್ತ ತಿರುಗಿತ್ತು?"

ಎಲ್ಲರ ಕಣ್ಣೂ ಒಡೆದ ಬಾಗಿಲಿನತ್ತ ಹೋಯಿತು. ಅಲ್ಲಿ ಊರುಗೋಲಿನ ಏಟಿನ ಗುರುತು ಎದೆಯ ಎತ್ತರದಲ್ಲಿತ್ತು.

ಮಾವನವರು ಊರುಗೋಲನ್ನು ಊರಿಕೊಂಡು ಕುರ್ಚಿಗೆ ಇಳಿದರು. ನಲವತ್ತು ವರ್ಷ ಶಿಸ್ತಿನ ಬೇಟೆಗಾರನೆಂದು ಹೇಳಿಕೊಂಡು ಬಂದವರು ಈಗ ಬೀದಿಯವರ ಮುಂದೆ ಬಾಯಿ ತೆರೆದರು. "ಇದು ನಂದೇ ತಪ್ಪು. ಗದ್ದೆ ಕಾಯೋಕೆ ಅಂತ ಕೊನೇ ಸಲ ಹೋದಾಗ ಮಂಜು ಬಿದ್ದಿತ್ತು. ಗುಂಡು ಏರಿಸಿ ಕೂತಿದ್ದೆ. ಹಂದಿ ಬಂತು, ಹಿಂದೆ ಮರಿಗಳೂ ಬಂದವು. ಹೊಡೆಯೋಕೆ ಮನಸ್ಸಾಗಲಿಲ್ಲ, ಹಾಗೇ ವಾಪಸ್ ಬಂದೆ. ಕೆಳಗಿನ ಪೆಟ್ಟಿಗೆ ಖಾಲಿ ಮಾಡಿದ್ದು ನೆನಪಿದೆ. ಒಳಗೊಂದು ಉಳಿದದ್ದು ಈ ಕಣ್ಣಿಗೆ ಕಾಣಲಿಲ್ಲ. ಆ ವಾರವೇ ತಂದು ನಿಮ್ಮ ಕೈಗೆ ಕೊಟ್ಟೆ ಅಳಿಯಂದ್ರೆ. ಮಗಳ ಮನೆಗೆ ತುಂಬಿದ ಬಂದೂಕು ಕೊಟ್ಟೆ."

"ಮಾವ, ನಾನು ಹೇಳಿದ ಹಾಗೆ ಬೋಲ್ಟ್ ತೆಗೆದು ಒರೆಸಿದ್ರೆ ಮೊದಲನೇ ವಾರವೇ ಸಿಕ್ಕಿರ್ತಿತ್ತು..."

"ಟ್ರಿಗರ್‌ಗೆ ಕೈ ತಗುಲಿ ಮೊದಲನೇ ವಾರವೇ ಸಿಡಿದೂ ಇರ್ತಿತ್ತು," ಎಂದ ಅಜ್ಜ, ಈ ಒಂದು ಮಾತು ಹೇಗೋ ಕಿವಿಗೆ ಬಿದ್ದು. "ಆ ಅಂಟು ಒಳಗಿನ ಸ್ಪ್ರಿಂಗನ್ನೂ ಹಿಡಿದು ಕೂರಿಸಿತ್ತು. ಐವತ್ತು ವರ್ಷದಲ್ಲಿ ಅಡುಗೆ ಎಣ್ಣೆಗೆ ನಾನು ಕೈ ಮುಗೀತಿರೋದು ಇದೇ ಮೊದಲು."

ಮಾವನವರು ಎದ್ದು ಬಂದು ಅಳಿಯನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಸೋಮಾರಿತನ ತಣ್ಣಗಿರಲಿ," ಎಂದರು. ಬೈಗುಳವೋ ಹರಕೆಯೋ ತಿಳಿಯದೆ ಜೋಪಾನಯ್ಯ ಅತ್ತುಬಿಟ್ಟ. ಸಂಜೆ ಠಾಣೆಗೆ ಹೋಗಿ ನಂಬರು ತೋರಿಸಿ, ಬಂದೂಕನ್ನು ಅಲ್ಲೇ ಒಪ್ಪಿಸಿ ಬರುವುದೆಂದು ಇಬ್ಬರೂ ಒಂದೇ ಮಾತಿನಲ್ಲಿ ತೀರ್ಮಾನಿಸಿದರು.

ಹೆಡ್‌ಮಿಸ್ಸು ಸದ್ದಿಲ್ಲದೆ ಮೆಟ್ಟಿಲ ಕಡೆ ಜಾರುತ್ತಿದ್ದರು. ಜೋಪಾನಯ್ಯ ಕಣ್ಣೊರೆಸಿಕೊಂಡು ಅವರ ಹಿಂದೆ ಓಡಿದ.

"ಮೇಡಂ, ನಿಲ್ಲಿ! ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯೋ ಹಾಗಿಲ್ಲ."

"ಕ್ಷಮಿಸಿಬಿಡಿಪ್ಪ. ಕದ್ದು ಕೇಳಿದ್ದು ತಪ್ಪು, ಕೇಳಿದ್ದನ್ನ ತಪ್ಪಾಗಿ ತಿಳಿದದ್ದು ಇನ್ನೂ ತಪ್ಪು."

"ಕ್ಷಮೆ ಯಾಕೆ ಮೇಡಂ? ನೀವು ಸರಿಯಾಗಿ ತಿಳ್ಕೊಂಡಿದ್ರೆ ಮನೇಲೇ ಇರ್ತಿದ್ರಿ, ನಾನು ಸುತ್ತಿಗೆ ಇಳಿಸಿರ್ತಿದ್ದೆ. ಇನ್ನು ಮೇಲೂ ನಮ್ಮನೆ ಕಡೆ ಒಂದು ಕಿವಿ ಇಟ್ಟಿರಿ."

ಹೆಡ್‌ಮಿಸ್ಸಿಗೆ ಇಷ್ಟು ವರ್ಷದಲ್ಲಿ ಯಾರೂ ಇಂಥ ಬಿನ್ನಹ ಮಾಡಿರಲಿಲ್ಲ. ಕಣ್ಣು ತುಂಬಿ ವಾಪಸ್ಸು ಒಳಗೆ ಬಂದು, ಕೇಳದೆಯೇ ಎಲ್ಲರಿಗೂ ಚಹಾ ಮಾಡಲು ಅಡುಗೆಮನೆಗೆ ಹೋದರು.

ರೈಲಿನಲ್ಲಿ ಅಪ್ಪ ಸಿಗದೆ, ಎರಡು ಪ್ಲಾಟ್‌ಫಾರ್ಮ್ ಹುಡುಕಿ, ಗಾಬರಿಯಿಂದ ಹೆಂಡತಿ ಮನೆಗೆ ಬಂದಾಗ ಬಾಗಿಲು ನೆಲದ ಮೇಲಿತ್ತು, ಅಗ್ನಿಶಾಮಕದವರು ಸೋಫಾದ ಮೇಲಿದ್ದರು, ಅಪ್ಪ ಮತ್ತು ಗಂಡ ಒಂದೇ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ವಿಷಯವನ್ನು ಏಳು ಜನ ಒಟ್ಟಿಗೆ ಹೇಳಿದರು. ಪೂರ್ತಿ ಕೇಳಿಯಾದ ಮೇಲೆ ಅವಳು ಮೊದಲು ಗಂಡನನ್ನು ಬೈದಳು, ಆಮೇಲೆ ಅಪ್ಪನನ್ನು ಬೈದಳು, ಆಮೇಲೆ ಇಬ್ಬರ ನಡುವೆ ಕೂತು ಇಬ್ಬರ ಕೈಯನ್ನೂ ಬಿಡದೆ ಹಿಡಿದುಕೊಂಡಳು.

ಅಗ್ನಿಶಾಮಕ ಅಧಿಕಾರಿ ಚಹಾ ಮುಗಿಸಿ ಕರೆ ಪುಸ್ತಕ ತೆರೆದರು. "ಸಾರ್, ಇಲ್ಲೊಂದು ಕಾಲಂ ತುಂಬಿಸ್ಬೇಕು. ರಕ್ಷಿಸಲ್ಪಟ್ಟವರು ಎಷ್ಟು ಜನ? ಯಾರು?"

"ಮಾವನವರು ಅಂತ ಬರೀರಿ," ಎಂದ ಜೋಪಾನಯ್ಯ. "ಬಾಗಿಲ ಮುಂದೆ ನಿಂತಿದ್ದವರು ಅವರೇ."

"ಛೆ ಛೆ, ಅಳಿಯಂದ್ರು ಅಂತ ಬರೀರಿ," ಎಂದರು ಮಾವನವರು. "ನಾನು ಹೋಗಿದ್ರೆ ಒಂದೇ ಸಲ ಹೋಗ್ತಿದ್ದೆ. ಇವರು ಬದುಕಿರೋವರೆಗೂ ಅದನ್ನ ಹೊರಬೇಕಾಗಿತ್ತು."

ಅಧಿಕಾರಿ ಸ್ವಲ್ಪ ಯೋಚಿಸಿ 'ಇಬ್ಬರು' ಎಂದು ಬರೆದರು. ಹೆಂಡತಿ ಕೈ ಚಾಚಿ ಅವರ ಪೆನ್ನು ತೆಗೆದುಕೊಂಡಳು. 'ಇಬ್ಬರು' ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ 'ಮೂವರು' ಎಂದು ಬರೆದಳು.

"ನೀವು ಆಗ ಎಲ್ಲಿದ್ರಿ ತಾಯಿ?"

"ರೈಲ್ವೆ ಸ್ಟೇಷನ್ನಿನಲ್ಲಿ," ಎಂದಳು.

ಅಧಿಕಾರಿ ಅವಳ ಮುಖವನ್ನೊಮ್ಮೆ ನೋಡಿದರು. ಅದರ ಕೆಳಗೆ ರುಜು ಹಾಕಿದರು.